ಎರಡನೇ ಚೀಟಿ

ಕೆನಡಾದ ಓಕ್‌ವಿಲ್‌ನ ಕನ್ನಡ ಮನೆಗಳಲ್ಲಿ ಸಕ್ಕರೆ ಕಾಯಿಲೆಗೆ ಮುಚ್ಚುಮರೆ ಇಲ್ಲ. ನಲವತ್ತು ದಾಟಿದ ನಾಲ್ವರು ಸೇರಿದರೆ ಸಾಕು, ಪಾಯಸ ಬಡಿಸುವ ಹೊತ್ತಿಗೆ ಮೂರು ತಿಂಗಳ ಸರಾಸರಿ ಎಷ್ಟು ಬಂತು, ಮೆಟ್‌ಫಾರ್ಮಿನ್ ಐನೂರೋ ಸಾವಿರವೋ, ಬೀಪಿ ಮಾತ್ರೆ ಬೆಳಿಗ್ಗೆಯೋ ರಾತ್ರಿಯೋ ಎಂಬ ವಿಚಾರಣೆ ನಡೆದೇ ತೀರುತ್ತದೆ. ಮಾತಾಡಲು ಕಾರಣವೂ ಇದೆ. ಪಕ್ಕದ ಹ್ಯಾಮಿಲ್ಟನ್‌ನ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸೋನಿಯಾ ಆನಂದ್ ಮತ್ತು ಸಂಗಡಿಗರು ಹ್ಯಾಮಿಲ್ಟನ್, ಟೊರೊಂಟೊ, ಎಡ್ಮಂಟನ್‌ಗಳಲ್ಲಿ ಒಂದು ಅಧ್ಯಯನ ನಡೆಸಿ 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಯುರೋಪ್ ಮೂಲದವರಿಗಿಂತಲೂ ಚೀನಾ ಮೂಲದವರಿಗಿಂತಲೂ ನಮ್ಮಂಥ ದಕ್ಷಿಣ ಏಷ್ಯಾದವರಲ್ಲಿ ಹೃದ್ರೋಗ ಹೆಚ್ಚು ಎಂದು ಅದು ತೋರಿಸಿತು. ಅಂದಿನಿಂದ ಇಲ್ಲಿನ ವೈದ್ಯರು ನಮ್ಮ ಹೆಸರು ನೋಡಿದೊಡನೆ, ಹೃದ್ರೋಗಕ್ಕೆ ದಾರಿಯಾಗಬಲ್ಲ ಸಕ್ಕರೆಯ ಪರೀಕ್ಷೆಗೆ ಬರೆದುಬಿಡುತ್ತಾರೆ.

ಅದೇ ಪಡಸಾಲೆಯಲ್ಲಿ ಎಚ್‌ಐವಿ ಎಂಬ ಮಾತು ಎದ್ದದ್ದನ್ನು ನಾನಂತೂ ಕೇಳಿಲ್ಲ. ಹಾಗೆಂದು ಅದು ನಮ್ಮವರ ಹತ್ತಿರ ಸುಳಿಯುವುದಿಲ್ಲ ಎಂದೇನಲ್ಲ. ಟೊರೊಂಟೊದಲ್ಲಿ ದಕ್ಷಿಣ ಏಷ್ಯಾದವರಿಗಾಗಿಯೇ ಒಂದು ಏಡ್ಸ್ ತಡೆ ಸಂಸ್ಥೆ 1989ರಲ್ಲೇ ಹುಟ್ಟಿಕೊಂಡಿತು. 2002ರಿಂದ, ಹದಿನೈದು ದಾಟಿದ ವಲಸೆ ಅರ್ಜಿದಾರರೆಲ್ಲ ವೈದ್ಯಕೀಯ ತಪಾಸಣೆಯಲ್ಲಿ ಎಚ್‌ಐವಿ ಪರೀಕ್ಷೆಗೂ ರಕ್ತ ಕೊಟ್ಟೇ ಕೆನಡಾಕ್ಕೆ ಬರುತ್ತಾರೆ. ಎಲ್ಲರೂ ಕೊಟ್ಟಿದ್ದಾರೆ, ಯಾರೂ ಮಾತಾಡುವುದಿಲ್ಲ.

ಒಂದು ಕಾಯಿಲೆ ಪಡಸಾಲೆಯದು, ಇನ್ನೊಂದು ಬೀಗ ಹಾಕಿದ ಕೋಣೆಯದು. ಹೀಗೆ ಬೇರೆ ಬೇರೆ ಇಟ್ಟ ಎರಡು ಕಾಯಿಲೆಗಳು ಈಗ ಕರ್ನಾಟಕದ ಸಾವಿರಾರು ಜನರ ಮೈಯಲ್ಲಿ ಒಟ್ಟಿಗೆ ಇವೆ. ಅವೆರಡಕ್ಕೂ ಒಂದೇ ಕಡೆ, ಒಂದೇ ದಿನ, ಒಬ್ಬರೇ ವೈದ್ಯರು ಚಿಕಿತ್ಸೆ ಕೊಡಬೇಕೇ ಎಂಬುದು ಬಡ ದೇಶಗಳ ಆರೋಗ್ಯ ಇಲಾಖೆಗಳ ಮುಂದಿರುವ ದೊಡ್ಡ ಪ್ರಶ್ನೆ. ಕೊಡಬೇಕು ಎನ್ನುವ ಪಕ್ಷ ನನ್ನದು. ಹೇಗೆ ಎಂಬಲ್ಲಿ ಮಾತ್ರ ಜಾಗ್ರತೆ ಬೇಕು.

ಈ ಸಮಸ್ಯೆ ಹುಟ್ಟಿದ್ದು ಒಂದು ಗೆಲುವಿನಿಂದ. 1996ರ ಜುಲೈನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ, ಮೂರು ಔಷಧಿ ಸೇರಿಸಿ ಕೊಟ್ಟರೆ ಸಾಯಬೇಕಾದವರು ಎದ್ದು ಓಡಾಡುತ್ತಾರೆ ಎಂಬ ಸುದ್ದಿ ಲೋಕಕ್ಕೆ ತಿಳಿಯಿತು. ಅದರ ವರ್ಷದ ಖರ್ಚು ಹತ್ತು ಸಾವಿರ ಡಾಲರಿಗೂ ಮಿಕ್ಕಿತ್ತು. 2001ರ ಫೆಬ್ರುವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದನ್ನೇ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಎಂದರು. 2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಈ ಚಿಕಿತ್ಸೆಯನ್ನು (ಎಆರ್‌ಟಿ) ಉಚಿತವಾಗಿ ಕೊಡಲು ಶುರುಮಾಡಿದಾಗ ಮೊದಲ ಎಂಟು ಆಸ್ಪತ್ರೆಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ಅಂದು ಮೂವತ್ತರ ಹರೆಯದಲ್ಲಿ ಅಲ್ಲಿ ಮೊದಲ ಮಾತ್ರೆ ನುಂಗಿದವರು ಇಂದು ಐವತ್ತು ದಾಟಿದ್ದಾರೆ. ಐವತ್ತು ದಾಟಿದವರಿಗೆ ಬರುವ ಕಾಯಿಲೆ ಅವರಿಗೂ ಬಂದಿದೆ. ಬದುಕಿದ್ದರಿಂದ ಬಂದ ಕಾಯಿಲೆ ಇದು.

ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ. ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ಜೊತೆ ಕರ್ನಾಟಕವೂ ಮುಂದಿನ ಸಾಲಿನಲ್ಲಿದೆ. ಅದರಲ್ಲೂ ಬಾಗಲಕೋಟೆ, ಬೆಳಗಾವಿಯ ಕಡೆ ಸೋಂಕಿನ ಇತಿಹಾಸ ಹಳೆಯದು. ಇಲ್ಲಿ ಕೆನಡಾದ ನಂಟೂ ಇದೆ. ಕೆನಡಾ ಸರ್ಕಾರದ ಹಣದಲ್ಲಿ 2001ರಲ್ಲಿ ಕರ್ನಾಟಕ ಮತ್ತು ರಾಜಸ್ಥಾನಗಳಲ್ಲಿ ಒಂದು ಭಾರತ-ಕೆನಡಾ ಎಚ್‌ಐವಿ ಯೋಜನೆ ಆರಂಭವಾಯಿತು. ವಿನ್ನಿಪೆಗ್‌ನ ಮ್ಯಾನಿಟೋಬ ವಿಶ್ವವಿದ್ಯಾಲಯದ ಸ್ಟೀಫನ್ ಮೋಸಸ್, ಜೇಮ್ಸ್ ಬ್ಲಾಂಚರ್ಡ್ ಮುಂತಾದವರು ಬಾಗಲಕೋಟೆಯ ಹಳ್ಳಿಗಳ ನಕ್ಷೆ ಹಿಡಿದು ಓಡಾಡಿದರು. ಅದರ ಬೆನ್ನಲ್ಲೇ 2003ರಲ್ಲಿ ಹುಟ್ಟಿದ್ದು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್. ಟೊರೊಂಟೊದ ಕನ್ನಡಿಗರಿಗಿಂತ ವಿನ್ನಿಪೆಗ್‌ನ ಆ ವೈದ್ಯರಿಗೆ ಮುಧೋಳ, ಜಮಖಂಡಿಗಳ ದಾರಿ ಚೆನ್ನಾಗಿ ಗೊತ್ತಿತ್ತು ಎಂದರೆ ಉತ್ಪ್ರೇಕ್ಷೆಯಾಗದು.

ವಯಸ್ಸಿನ ಮೇಲೆಯೇ ಎಲ್ಲ ತಪ್ಪನ್ನೂ ಹೊರಿಸುವಂತಿಲ್ಲ. ಮದ್ದಿನ ಪಾಲೂ ಇದೆ. ಭಾರತದಲ್ಲಿ ಮೊದಮೊದಲು ಕೊಟ್ಟ ಸ್ಟಾವುಡಿನ್ ಜೀವ ಉಳಿಸಿತು, ಜೊತೆಗೆ ಕೆನ್ನೆಯ ಕೊಬ್ಬು ಕರಗಿಸಿ ಹೊಟ್ಟೆಗೆ ತುಂಬಿತು, ಸಕ್ಕರೆಯನ್ನೂ ಏರಿಸಿತು. ಒಳಸೇರಿದ ಕೆನ್ನೆ ನೋಡಿಯೇ ಊರವರು ಗುರುತಿಸುತ್ತಿದ್ದ ಕಾಲವದು. ಅದನ್ನು ಬಿಟ್ಟುಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿತು. ಈಗ ದೇಶದ ಬಹುತೇಕರು ದಿನಕ್ಕೊಂದೇ ನುಂಗುವ ಟಿಎಲ್‌ಡಿ ಮಾತ್ರೆಯಲ್ಲಿದ್ದಾರೆ: ಟೆನೊಫೊವಿರ್, ಲ್ಯಾಮಿವುಡಿನ್, ಡಾಲುಟೆಗ್ರಾವಿರ್. ಮಧ್ಯದ ಲ್ಯಾಮಿವುಡಿನ್ ಮಾಂಟ್ರಿಯಲ್‌ನಲ್ಲಿ ಬರ್ನಾರ್ಡ್ ಬೆಲ್ಲೊ ಅವರ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಕೊನೆಯ ಡಾಲುಟೆಗ್ರಾವಿರ್ ಬಲು ಒಳ್ಳೆಯ ಮದ್ದು, ವೈರಸ್ಸನ್ನು ಬೇಗ ಅಡಗಿಸುತ್ತದೆ. ಆದರೆ ಅದು ಸೇರಿದ ಮೇಲೆ ತೂಕ ಏರುತ್ತದೆ, ಹೆಂಗಸರಲ್ಲಿ ಇನ್ನೂ ಹೆಚ್ಚು ಎಂದು ದಕ್ಷಿಣ ಆಫ್ರಿಕಾದ ಅಡ್ವಾನ್ಸ್ ಅಧ್ಯಯನ 2019ರಲ್ಲಿ ತೋರಿಸಿತು. ಇನ್ನು ವೈರಸ್ಸೇ ರಕ್ತನಾಳಗಳಲ್ಲಿ ಸಣ್ಣ ಉರಿಯೂತವನ್ನು ಸದಾ ಉಳಿಸಿರುತ್ತದೆ. ಎಲ್ಲ ಸೇರಿ, ಎಚ್‌ಐವಿ ಇರುವವರಿಗೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು.

ಈಗ ಒಬ್ಬ ಹೆಂಗಸನ್ನು ಊಹಿಸಿಕೊಳ್ಳೋಣ. ಜಮಖಂಡಿ ಕಡೆಯವಳು, ಕಬ್ಬಿನ ಗದ್ದೆಯಲ್ಲಿ ಕೂಲಿ, ವಯಸ್ಸು ನಲವತ್ತೆಂಟು. ಗಂಡ ಹೋಗಿ ಹದಿನಾರು ವರ್ಷ. ಗುಳಿಗೆ ತೀರುವ ಮುನ್ನ ಬೆಳಗಿನ ಬಸ್ಸಿಗೆ ಎಆರ್‌ಟಿ ಸೆಂಟರಿಗೆ ಬರುತ್ತಾಳೆ. ಒಳಗೆ ಅವಳ ಹೆಸರು ಗೊತ್ತಿದೆ. ಹಸಿರು ಪುಸ್ತಕ ತೆಗೆಯುತ್ತಾಳೆ. ಆಪ್ತಸಮಾಲೋಚಕಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಉಳಿದ ಮಾತ್ರೆಗಳನ್ನು ಬೆರಳಿನಿಂದ ಎರಡೆರಡಾಗಿ ಸರಿಸುತ್ತ ಎಣಿಸುತ್ತಾಳೆ. ಎರಡು ಹೆಚ್ಚು ಉಳಿದಿದ್ದರೆ, “ಯಾಕವ್ವ, ಎರಡ್ ದಿನ ಬಿಟ್ಟಿ?” ಎಂದು ಕೇಳುತ್ತಾಳೆ. ಮೊಮ್ಮಗಳ ಕೂದಲು ತೆಗೆಸುವ ಕಾರ್ಯಕ್ಕೆ ಹೋಗಿದ್ದೆ, ನೆಂಟರ ಮುಂದೆ ಡಬ್ಬಿ ತೆಗೆಯಲಾಗಲಿಲ್ಲ ಎಂಬ ಉತ್ತರ ಬರುತ್ತದೆ. ಅದಕ್ಕೊಂದು ಉಪಾಯ ಹೇಳಿಕೊಡಲಾಗುತ್ತದೆ. ಗೊತ್ತುಮಾಡಿದ ದಿನ ಬರದಿದ್ದರೆ ಫೋನ್ ಬರುತ್ತದೆ, ಫೋನ್ ಎತ್ತದಿದ್ದರೆ ಗುಟ್ಟು ಬಿಡದ ಕಾರ್ಯಕರ್ತೆಯೊಬ್ಬಳು ಹುಡುಕಿಕೊಂಡು ಬರುತ್ತಾಳೆ. ವರ್ಷಕ್ಕೊಮ್ಮೆ ವೈರಲ್ ಲೋಡ್ ಪರೀಕ್ಷೆ.

ಅದೇ ಹೆಂಗಸಿಗೆ ಒಂದು ದಿನ ತಲೆಸುತ್ತು ಬಂತೆನ್ನಿ. ವೈದ್ಯರು ಬೀಪಿ ನೋಡಿದರು: 170. “ಆ ಕಡೆ ಬಿಲ್ಡಿಂಗಿಗೆ ಹೋಗಿ ಚೀಟಿ ಮಾಡಿಸು, ಬೀಪಿ-ಶುಗರ್ ನೋಡುವ ಕೋಣೆ ಅಲ್ಲಿದೆ” ಎಂದರು. ಅಲ್ಲಿಗೆ ಹೋದರೆ ಹೊಸ ಚೀಟಿ, ಹೊಸ ಸಾಲು. ಸಾಲಿನಲ್ಲಿ ತಮ್ಮೂರಿನವರು ಇಬ್ಬರು. ಒಳಗೆ ವೈದ್ಯರು, “ಬೇರೆ ಏನಾದರೂ ಮಾತ್ರೆ ತಗೋತೀಯಾ?” ಎಂದು ಕೇಳುತ್ತಾರೆ. ಹಿಂದೆ ನಿಂತವರ ಉಸಿರು ಅವಳ ಹೆಗಲಿಗೆ ತಾಗುತ್ತಿರುತ್ತದೆ. “ಇಲ್ಲರೀ” ಎನ್ನುತ್ತಾಳೆ. ಬೀಪಿ ಮಾತ್ರೆ ಹದಿನೈದು ದಿನದ್ದು ಸಿಗುತ್ತದೆ. ಅದು ತೀರಿದ ಮೇಲೆ ಅವಳನ್ನು ಯಾರೂ ಕೇಳುವುದಿಲ್ಲ, ಎಣಿಸುವುದಿಲ್ಲ, ಫೋನ್ ಮಾಡುವುದಿಲ್ಲ. ಇನ್ನೊಂದು ದಿನದ ಕೂಲಿ ಬಿಟ್ಟು ಅವಳೂ ಹೋಗುವುದಿಲ್ಲ.

ನನ್ನ ತಕರಾರೆಲ್ಲ ಈ ಎರಡನೇ ಚೀಟಿಯ ಬಗ್ಗೆ. ಬೀಪಿ, ಸಕ್ಕರೆಯ ಮಾತ್ರೆಗಳಿಗೆ ಬೆಲೆ ಏನೂ ಇಲ್ಲ, ಅಮ್ಲೊಡಿಪಿನ್, ಮೆಟ್‌ಫಾರ್ಮಿನ್ ಎರಡೂ ಪೇಟೆಂಟ್ ಮುಗಿದ ಅಗ್ಗದ ಮದ್ದುಗಳು. ಕೊರತೆ ಇರುವುದು ರೋಗಿಯನ್ನು ಜೀವಮಾನವಿಡೀ ಹಿಡಿದಿಟ್ಟುಕೊಳ್ಳುವ ವ್ಯವಸ್ಥೆಯದು. ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ವಿದ್ಯೆ ಕಲಿತ ವಿಭಾಗಗಳು ಎರಡೇ, ಕ್ಷಯ ಮತ್ತು ಎಚ್‌ಐವಿ. ಕ್ಷಯಕ್ಕೆ ಕೆಲವು ತಿಂಗಳು ಸಾಕು. ಜೀವನಪೂರ್ತಿ ಜೊತೆಗಿರಲು ಕಲಿತದ್ದು ಎಚ್‌ಐವಿ ವಿಭಾಗ ಮಾತ್ರ. ಸಾಮಾನ್ಯ ಹೊರರೋಗಿ ವಿಭಾಗ ಬಂದವರನ್ನು ನೋಡುತ್ತದೆ. ಬಾರದವರ ಲೆಕ್ಕ ಅದರ ಹತ್ತಿರ ಇಲ್ಲ.

ಗುಟ್ಟು, ಕೂಲಿ ಇವಿಷ್ಟೇ ಆಗಿದ್ದರೆ ಇದನ್ನು ಅನುಕೂಲದ ಪ್ರಶ್ನೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಆ “ಇಲ್ಲರೀ” ಎಂಬ ಒಂದು ಮಾತು ಅಪಾಯಕಾರಿ. ಡಾಲುಟೆಗ್ರಾವಿರ್ ಮೂತ್ರಪಿಂಡದಲ್ಲಿ ಮೆಟ್‌ಫಾರ್ಮಿನ್ ಹೊರಹೋಗುವ ದಾರಿಯನ್ನು ಅಡ್ಡಗಟ್ಟುತ್ತದೆ, ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಹಾಗಾಗಿ ಇವೆರಡೂ ಜೊತೆಯಾದಾಗ ಮೆಟ್‌ಫಾರ್ಮಿನ್ ದಿನಕ್ಕೆ ಒಂದು ಗ್ರಾಂ ಮೀರಬಾರದು ಎಂಬ ನಿಯಮ. ಗೊತ್ತಿಲ್ಲದ ವೈದ್ಯರು ಸಕ್ಕರೆ ಇಳಿಯಲಿಲ್ಲವೆಂದು ಎರಡು ಗ್ರಾಂ ಬರೆಯುತ್ತಾರೆ. ಸುಸ್ತಿಗೆಂದು ಕೊಡುವ ಕಬ್ಬಿಣದ ಮಾತ್ರೆ, ಮೂಳೆಗೆಂದು ಕೊಡುವ ಕ್ಯಾಲ್ಸಿಯಂ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಟಿಎಲ್‌ಡಿ ಜೊತೆಗೇ ನುಂಗಿದರೆ ಡಾಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎರಡನೇ ಹಂತದ ಔಷಧಿಯಲ್ಲಿ ರಿಟೊನಾವಿರ್ ಇದ್ದವರಿಗೆ ಸಿಮ್ವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆ ಕೊಡುವಂತೆಯೇ ಇಲ್ಲ. ಟೆನೊಫೊವಿರ್ ಮೂತ್ರಪಿಂಡವನ್ನು ಕಾಡಬಲ್ಲದು, ಬೀಪಿ-ಸಕ್ಕರೆಗಳೂ ಕಾಡುವುದು ಅದನ್ನೇ. ಪಡಸಾಲೆಯ ನಮ್ಮ ಅಚ್ಚುಮೆಚ್ಚಿನ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ ಕೂಡ ಎಚ್‌ಐವಿ ಚಿಕಿತ್ಸೆಯಲ್ಲಿರುವವರಲ್ಲಿ ಸಕ್ಕರೆಯನ್ನು ಇರುವುದಕ್ಕಿಂತ ಕಡಿಮೆ ತೋರಿಸುವುದುಂಟು. ಅವರಿಗೆ ಖಾಲಿಹೊಟ್ಟೆಯ ರಕ್ತಪರೀಕ್ಷೆಯೇ ನಂಬಿಕಸ್ಥ. ಇಷ್ಟನ್ನೂ ನೆನಪಿಟ್ಟುಕೊಂಡು ಬರೆಯಬಲ್ಲವರು ಎಆರ್‌ಟಿ ಸೆಂಟರಿನ ವೈದ್ಯರು. ಅವರ ಮೇಜಿನ ಮೇಲೆ ಅಮ್ಲೊಡಿಪಿನ್ ಇಲ್ಲ ಎಂಬುದೇ ವಿಪರ್ಯಾಸ.

ಆಫ್ರಿಕಾ ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿದೆ. ಕೀನ್ಯಾದ ಎಲ್ಡೊರೆಟ್‌ನಲ್ಲಿ ಮೊಯಿ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿ 2001ರಲ್ಲಿ ಆಂಪಾತ್ ಎಂಬ ಕಾರ್ಯಕ್ರಮ ಆರಂಭಿಸಿದವು. ಆ ಹೆಸರಿನ ಕೊನೆಯ ಅಕ್ಷರಗಳು ಆಗ ಎಚ್‌ಐವಿ ತಡೆ, ಚಿಕಿತ್ಸೆ ಎಂಬುದನ್ನು ಸೂಚಿಸುತ್ತಿದ್ದವು. ಮುಂದೆ ಸಕ್ಕರೆ, ಬೀಪಿ, ಕ್ಯಾನ್ಸರ್ ರೋಗಿಗಳೂ ಅದೇ ಬಾಗಿಲು ತಟ್ಟತೊಡಗಿದ ಮೇಲೆ ಅವೇ ಅಕ್ಷರಗಳನ್ನು ಉಳಿಸಿಕೊಂಡು ಆರೋಗ್ಯಸೇವೆ ಎಂದು ಅರ್ಥ ಬದಲಿಸಿಕೊಂಡರು. ಬೋರ್ಡು ಬದಲಿಸಲು ಖರ್ಚಾಗಲಿಲ್ಲ!

ಗಟ್ಟಿ ಸಾಕ್ಷಿ ಬಂದದ್ದು 2023ರಲ್ಲಿ. ಟಾಂಜಾನಿಯ, ಉಗಾಂಡಾಗಳ 32 ಆರೋಗ್ಯ ಕೇಂದ್ರಗಳಲ್ಲಿ ನಡೆದ ಇಂಟೆ-ಆಫ್ರಿಕಾ ಪ್ರಯೋಗದ ಫಲಿತಾಂಶ ಆ ವರ್ಷ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಅರ್ಧ ಕೇಂದ್ರಗಳಲ್ಲಿ ಎಚ್‌ಐವಿ, ಸಕ್ಕರೆ, ಬೀಪಿ ಮೂರಕ್ಕೂ ಒಂದೇ ಕಾಯುವ ಜಾಗ, ಅದೇ ವೈದ್ಯರು, ಅದೇ ಔಷಧ ಕಿಟಕಿ. ಉಳಿದರ್ಧದಲ್ಲಿ ಹಳೆಯ ಪದ್ಧತಿಯಂತೆ ಬೇರೆ ಬೇರೆ. ವಿರೋಧಿಗಳ ಭಯವಿದ್ದದ್ದು ಒಂದೇ: ಇಷ್ಟೆಲ್ಲ ಹೇರಿದರೆ ಎಚ್‌ಐವಿ ಚಿಕಿತ್ಸೆಯೇ ಹದಗೆಟ್ಟೀತು. ಹಾಗಾಗಲಿಲ್ಲ. ಎರಡೂ ಕಡೆ ವೈರಸ್ ಅಡಗಿದ್ದವರ ಪ್ರಮಾಣ ಶೇ 97ರ ಆಸುಪಾಸಿನಲ್ಲೇ ಉಳಿಯಿತು. ಸಕ್ಕರೆ, ಬೀಪಿಯ ರೋಗಿಗಳಲ್ಲೂ ಬಹುಪಾಲು ಜನ ಚಿಕಿತ್ಸೆ ಬಿಡದೆ ಉಳಿದರು.

ಅದೇ 2023ರ ಇನ್ನೊಂದು ಫಲಿತಾಂಶ ಕೆನಡಾಕ್ಕೂ ಭಾರತಕ್ಕೂ ಸೇರಿದ್ದು. ಎರಡೂ ದೇಶಗಳು ಸೇರಿ ಹನ್ನೆರಡು ದೇಶಗಳಲ್ಲಿ ನಡೆದ ರಿಪ್ರೀವ್ ಅಧ್ಯಯನದಲ್ಲಿ 40ರಿಂದ 75 ವರ್ಷದ 7,769 ಎಚ್‌ಐವಿ ಸೋಂಕಿತರು ಪಾಲ್ಗೊಂಡರು. ಲೆಕ್ಕದ ಪ್ರಕಾರ ಇವರಾರಿಗೂ ಕೊಲೆಸ್ಟರಾಲ್ ಮಾತ್ರೆ ಬೇಕೇ ಬೇಕು ಎನ್ನುವಷ್ಟು ಅಪಾಯ ಇರಲಿಲ್ಲ. ಆದರೂ ಪಿಟಾವಾಸ್ಟಾಟಿನ್ ನುಂಗಿದವರಲ್ಲಿ ಹೃದಯಾಘಾತದಂಥ ದೊಡ್ಡ ಆಘಾತಗಳು ಶೇ 35ರಷ್ಟು ಕಡಿಮೆಯಾದವು. ಅಂದರೆ ಎಚ್‌ಐವಿ ರೋಗಿಯ ಹೃದಯವನ್ನು ಸಾಮಾನ್ಯರ ಅಳತೆಗೋಲಿನಿಂದ ಅಳೆಯಬಾರದು. ಇದು ಗೊತ್ತಾಗಬೇಕಾದ್ದೂ ಎಆರ್‌ಟಿ ವೈದ್ಯರಿಗೇ.

ಭಾರತದಲ್ಲಿ ಇದು ಆಗದ ಮಾತು ಎನ್ನುವವರಿಗೆ ನನ್ನ ಉತ್ತರ ಕ್ಷಯ. ಎಚ್‌ಐವಿ, ಕ್ಷಯ ಎರಡೂ ಇರುವ ರೋಗಿ ಮೊದಲು ಎರಡು ಕಡೆ ಅಲೆಯಬೇಕಿತ್ತು. 2016-17ರ ಹೊತ್ತಿಗೆ ಏಕಗವಾಕ್ಷಿ ಪದ್ಧತಿ ಬಂದು, ಕ್ಷಯದ ದಿನನಿತ್ಯದ ಮಾತ್ರೆಗಳೂ ಎಆರ್‌ಟಿ ಸೆಂಟರಿನಲ್ಲೇ ಸಿಗುವಂತಾಯಿತು. ಎರಡು ಇಲಾಖೆಗಳು, ಎರಡು ದಾಸ್ತಾನು ಪುಸ್ತಕಗಳು, ಆದರೂ ಕಪಾಟು ಒಂದೇ ಆಯಿತು. ಸೋಂಕು ಹರಡುವ ಭಯವಿದ್ದಾಗ ದೆಹಲಿಯಲ್ಲಿ ಕಡತ ಓಡುತ್ತದೆ. ಪಾರ್ಶ್ವವಾಯು ಯಾರಿಗೂ ಅಂಟುವುದಿಲ್ಲವಲ್ಲ!

ಕಾಗದದ ಮೇಲೆ ಅರ್ಧ ದಾರಿ ಆಗಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) ಹೊರಡಿಸಿದ 2021ರ ಮಾರ್ಗಸೂಚಿ, ಎಆರ್‌ಟಿ ರೋಗಿಗಳಲ್ಲಿ ಅಸಾಂಕ್ರಾಮಿಕ ರೋಗಗಳನ್ನೂ ತಪಾಸಣೆ ಮಾಡಿ ಎನ್ನುತ್ತದೆ. ತಪಾಸಣೆ ಸರಿ, ಪತ್ತೆಯಾದ ಮೇಲೆ? ಇಲ್ಲಿ ಲೆಕ್ಕಪತ್ರದ ಗೋಡೆ ಅಡ್ಡಬರುತ್ತದೆ. ಟಿಎಲ್‌ಡಿ ಬರುವುದು ಕೇಂದ್ರದ ಏಡ್ಸ್ ನಿಯಂತ್ರಣ ಕಾರ್ಯಕ್ರಮದಿಂದ. 2021ರಿಂದ 2026ರ ಮಾರ್ಚ್‌ವರೆಗಿನ ಅದರ ಐದನೇ ಹಂತಕ್ಕೆ ಇಟ್ಟ ಹಣ ಸುಮಾರು 15,472 ಕೋಟಿ ರೂಪಾಯಿ. ಬೀಪಿ-ಸಕ್ಕರೆಯದು 2010ರಲ್ಲಿ ಆರಂಭವಾದ ಬೇರೆಯದೇ ರಾಷ್ಟ್ರೀಯ ಕಾರ್ಯಕ್ರಮ, ಬೇರೆಯದೇ ಖಾತೆ, ಬೇರೆ ಅಧಿಕಾರಿ. ಒಂದೇ ಆವರಣದ ಎರಡು ಕಟ್ಟಡಗಳ ನಡುವೆ ನೂರು ಮಾತ್ರೆ ಸಾಗಿಸಲು ಎರಡು ಸಹಿ ಬೇಕು. ಫಾರ್ಮಸಿಸ್ಟ್ ಒಳ್ಳೆಯವರಾದರೆ ಪರಸ್ಪರ ಹೊಂದಿಕೊಂಡು ಕೆಲಸ ಸಾಗುತ್ತದೆ, ವರ್ಗವಾದರೆ ನಿಲ್ಲುತ್ತದೆ.

ಇನ್ನೊಂದು ಗೋಡೆ ಸಿಬ್ಬಂದಿ. ಎಆರ್‌ಟಿ ಸೆಂಟರಿನ ಆಪ್ತಸಮಾಲೋಚಕರು, ಲ್ಯಾಬ್ ತಂತ್ರಜ್ಞರು, ಡೇಟಾ ಮ್ಯಾನೇಜರ್ ಬಹುತೇಕ ಗುತ್ತಿಗೆಯವರು. ಸಂಬಳ ಹಾಗೇ ಇಟ್ಟು ಸಕ್ಕರೆ ಪಥ್ಯವನ್ನೂ ನೀವೇ ಹೇಳಿ, ಬೀಪಿಯನ್ನೂ ನೀವೇ ಬರೆಯಿರಿ, ತಂತ್ರಾಂಶದಲ್ಲಿ ಇನ್ನೆರಡು ಕಾಲಂ ತುಂಬಿ ಎಂದರೆ, ಎಣಿಸುವ ಬೆರಳು ಅವಸರ ಮಾಡುತ್ತದೆ. ಜೋಡಣೆಯ ಪರವಾಗಿ ಬರೆಯುವ ತಜ್ಞರು ಈ ಮಾತನ್ನು ಕೊನೆಯ ಪುಟದ ಕೊನೆಯ ಸಾಲಿಗೆ ತಳ್ಳುತ್ತಾರೆ, ನನಗದು ಮೊದಲ ಪುಟದ್ದು. ಒಂದು ಸೆಂಟರಿಗೆ ಒಬ್ಬ ನರ್ಸ್ ಹೆಚ್ಚುವರಿ ಕೊಡದೆ ಈ ಯೋಜನೆ ತರುವುದಾದರೆ ತರದಿರುವುದೇ ಮೇಲು.

ಕೆನಡಾದಲ್ಲಿ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಇಲ್ಲಿಯೂ ಎರಡನೇ ಚೀಟಿ ಇದೆ, ರೂಪ ಬೇರೆ. ಒಂಟಾರಿಯೊದಲ್ಲಿ ವೈದ್ಯರನ್ನು ಕಾಣಲು ದುಡ್ಡು ಕೊಡಬೇಕಿಲ್ಲ, ಆದರೆ ಆಸ್ಪತ್ರೆಯ ಹೊರಗೆ ನುಂಗುವ ಮಾತ್ರೆಗೆ ಬಹುತೇಕ ವಯಸ್ಕರು ತಾವೇ ದಾರಿ ನೋಡಿಕೊಳ್ಳಬೇಕು: ಕಂಪನಿಯ ವಿಮೆ, ಇಲ್ಲವೇ ವರಮಾನ ನೋಡಿ ನೆರವಾಗುವ ಟ್ರಿಲಿಯಂ ಯೋಜನೆ. ಎಚ್‌ಐವಿ ತಜ್ಞರು ಟೊರೊಂಟೊದಲ್ಲೋ ಹ್ಯಾಮಿಲ್ಟನ್‌ನಲ್ಲೋ ಸಿಗುತ್ತಾರೆ, ಸಕ್ಕರೆಗೆ ಊರಿನ ಫ್ಯಾಮಿಲಿ ಡಾಕ್ಟರ್. ಓಕ್‌ವಿಲ್, ಮಿಸ್ಸಿಸಾಗಗಳಲ್ಲಿ ಆ ಫ್ಯಾಮಿಲಿ ಡಾಕ್ಟರ್ ನಮ್ಮ ಕಡೆಯವರೇ ಆಗಿರುವುದುಂಟು, ಔಷಧಿ ಅಂಗಡಿಯವರೂ ಸಹ. ಯುಗಾದಿ ಕಾರ್ಯಕ್ರಮದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವವರ ಮುಂದೆ ಯಾವ ಮಾತ್ರೆ ಎಂದು ಹೇಗೆ ಹೇಳುವುದು? ವೈದ್ಯರು ಬಾಯಿ ಬಿಡುವುದಿಲ್ಲ, ಬಿಟ್ಟರೆ ಕಾನೂನು ಬಿಡುವುದಿಲ್ಲ. ಹೆದರಿದವರಿಗೆ ಅದು ಸಮಾಧಾನವಾಗದು. ಜಮಖಂಡಿಯವಳ “ಇಲ್ಲರೀ” ಇಲ್ಲಿ ಇಂಗ್ಲಿಷಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಟೊರೊಂಟೊದ ಕೇಸಿ ಹೌಸ್ ಮಾತ್ರ ಬೇರೆ ದಾರಿ ಹಿಡಿದಿದೆ. ಪತ್ರಕರ್ತೆ ಜೂನ್ ಕಾಲ್ವುಡ್ ಮುಂತಾದವರು 1988ರಲ್ಲಿ ಅದನ್ನು ತೆರೆದಾಗ ಅದು ಏಡ್ಸ್ ರೋಗಿಗಳು ನೆಮ್ಮದಿಯಿಂದ ಸಾಯಲೆಂದು ಕಟ್ಟಿದ ಮನೆ. ರೋಗಿಗಳು ಸಾಯುವುದು ನಿಂತ ಮೇಲೆ ಆ ಮನೆ ತಾನೇ ಬದಲಾಗಬೇಕಾಯಿತು. 2017ರಲ್ಲಿ ಹೊಸ ಕಟ್ಟಡಕ್ಕೆ ಬಂದಾಗ ಹಗಲು ಹೊತ್ತಿನ ಚಿಕಿತ್ಸೆಯೂ ಸೇರಿತು: ಬಂದು, ತೋರಿಸಿಕೊಂಡು, ಉಂಡು, ಮಾತಾಡಿ ಸಂಜೆ ಮನೆಗೆ ಹೋಗುವವರಿಗಾಗಿ. ಹಣವಂತ ನಗರದ ಒಂದು ಆಸ್ಪತ್ರೆ ಅದು, ಬಾಗಲಕೋಟೆಗೆ ಹಾಗೇ ತಂದು ಕೂರಿಸಲಾಗದು. ಅದರ ತಿಳಿವಳಿಕೆಯನ್ನು ಮಾತ್ರ ತರಬಹುದು.

ಹಾಗಾದರೆ ಎಚ್‌ಐವಿಯನ್ನೇ ಸಾಮಾನ್ಯ ಸಕ್ಕರೆ ಕ್ಲಿನಿಕ್ಕಿಗೆ ಸೇರಿಸಿ ಎಲ್ಲರಿಗೂ ಒಂದೇ ಸಾಲು ಮಾಡಿದರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ದಕ್ಷಿಣ ಆಫ್ರಿಕಾ ಹಾಗೆ ಮಾಡಲು ನೋಡಿದೆ. ದೀರ್ಘಕಾಲದ ಕಾಯಿಲೆಯವರೆಲ್ಲ ಒಟ್ಟಿಗೆ ಕೂತರೆ ಯಾರಿಗೆ ಏನೆಂದು ತಿಳಿಯುವುದಿಲ್ಲ, ಗುಟ್ಟು ಗುಂಪಿನಲ್ಲಿ ಅಡಗುತ್ತದೆ ಎಂಬುದು ವಾದ. ಸೋಂಕು ಮನೆಮನೆಯಲ್ಲಿರುವ ದೇಶದಲ್ಲಿ ಅದು ನಡೆದೀತು. ತಮ್ಮೂರಿನವರ ಕಣ್ಣಿಗೆ ಬೀಳಬಾರದೆಂದು ಪಕ್ಕದ ಜಿಲ್ಲೆಯ ಎಆರ್‌ಟಿ ಸೆಂಟರಿಗೆ ಬಸ್ಸು ಹತ್ತುವವರಿರುವ ಉತ್ತರ ಕರ್ನಾಟಕದಲ್ಲಿ ಅದಿನ್ನೂ ದೂರ. 2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ, ಒಪ್ಪಿಗೆ ಇಲ್ಲದೆ ಸೋಂಕಿನ ವಿಷಯ ಹೊರಗೆಡಹುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಯ ಸಾಲಿಗೆ ಆ ಕಾಯಿದೆ ಇನ್ನೂ ತಲುಪಿಲ್ಲ.

ಆದ್ದರಿಂದ ಸದ್ಯಕ್ಕೆ ರೋಗಿ ಇದ್ದಲ್ಲೇ ಇರಲಿ, ಬೀಪಿ ಯಂತ್ರ, ಸಕ್ಕರೆಯ ಪಟ್ಟಿ, ಅಮ್ಲೊಡಿಪಿನ್, ಮೆಟ್‌ಫಾರ್ಮಿನ್, ಒಂದು ಸ್ಟಾಟಿನ್ ಎಆರ್‌ಟಿ ಸೆಂಟರಿಗೆ ನಡೆದು ಬರಲಿ. ಟಿಎಲ್‌ಡಿ ಎರಡು ಮೂರು ತಿಂಗಳಿನದು ಒಟ್ಟಿಗೆ ಕೊಡುವ ದಿನವೇ ಇವೂ ಅಷ್ಟೇ ದಿನದ್ದು ಸಿಗಲಿ. ಬೀಪಿ ಮಾತ್ರೆ ಹದಿನೈದು ದಿನಕ್ಕೆ, ಎಚ್‌ಐವಿ ಮಾತ್ರೆ ತೊಂಬತ್ತು ದಿನಕ್ಕೆ ಎಂದಾದರೆ ಬಸ್‌ಚಾರ್ಜು ಉಳಿಯುವುದಿಲ್ಲ. ಐದನೇ ಹಂತದ ನಂತರದ ಯೋಜನೆಯಲ್ಲಿ ಇದಕ್ಕೊಂದು ಸಾಲು ಬೇಕು, ಅದರ ಎದುರು ಒಂದು ಮೊತ್ತವೂ ಬೇಕು. ಅದು ಏಡ್ಸ್ ಖಾತೆಯದೋ ಅಸಾಂಕ್ರಾಮಿಕ ರೋಗಗಳ ಖಾತೆಯದೋ ಎಂಬ ಜಗಳವನ್ನು ಬೆಂಗಳೂರು, ದೆಹಲಿಗಳ ಅಧಿಕಾರಿಗಳು ತಮ್ಮಲ್ಲೇ ಮುಗಿಸಿಕೊಳ್ಳಲಿ. ಆ ಜಗಳಕ್ಕಾಗಿ ರೋಗಿಯೇಕೆ ಇನ್ನೊಂದು ಕಟ್ಟಡಕ್ಕೆ ನಡೆಯಬೇಕು?